ಕತ್ತರಿ ಹಾಕುವ ಮೊದಲು ಬಟ್ಟೆ ಯಾವುದು ಅಂತ ನೋಡಿ

ಪ್ರಶ್ನೆ: ನಾನು ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದೇನೆ. ಬಟ್ಟೆಗೆ ಅಂತ ಎತ್ತಿಡಲು ನನ್ನ ಹತ್ತಿರ ಹೆಚ್ಚು ದುಡ್ಡಿಲ್ಲ. ಹಳೆ ಬಟ್ಟೆಗಳನ್ನೇ ಹೊಸ ಥರ ಮಾಡಿಕೊಳ್ಳೋಣ ಅಂತ ವಿಡಿಯೊ ನೋಡಿ ಶುರು ಮಾಡಿದೆ. ಬಿಳಿ ಶರ್ಟಿಗೆ ಕಡುನೀಲಿ ಬಣ್ಣ ಹಾಕಿದೆ. ಬಟ್ಟೆ ತಿಳಿನೀಲಿ ಆಯಿತು, ಹೊಲಿಗೆಯ ದಾರ ಮಾತ್ರ ಬಿಳಿಯಾಗಿಯೇ ಉಳಿಯಿತು. ಬಣ್ಣ ನಿಲ್ಲಲಿ ಅಂತ ವಿನೆಗರ್, ಉಪ್ಪು ಹಾಕಿ ನೆನೆಸಿದರೂ ಒಗೆದಾಗ ಬೇರೆ ಬಟ್ಟೆಗಳಿಗೆ ಹತ್ತಿತು. ಜೀನ್ಸ್ ಕತ್ತರಿಸಿ ಗಿಡ್ಡ ಮಾಡಿದೆ, ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಆಯಿತು. ಟಿ-ಶರ್ಟಿಗೆ ಗ್ಲೂ ಗನ್‌ನಿಂದ ಅಂಟಿಸಿದ ಹರಳುಗಳು ಇಸ್ತ್ರಿ ಮಾಡುವಾಗ ಜಾರಿ ಹೋದವು. ನಾನೇ ಮಾಡಿದ ಓಲೆ ಹಾಕಿಕೊಂಡರೆ ಕಿವಿ ಕೆರೆಯುತ್ತದೆ. ಇಷ್ಟಕ್ಕೆಲ್ಲ ಆದ ಖರ್ಚಿನಲ್ಲಿ ಒಂದು ಹೊಸ ಶರ್ಟೇ ಬರುತ್ತಿತ್ತು! ಗೆಳತಿಯರು ಕೈಯಲ್ಲಿ ಹಿಡಿದು ಹೊಲಿಯುವ ಪುಟ್ಟ ಮೆಷಿನ್ ತಗೋ ಅನ್ನುತ್ತಾರೆ. ಮುಂದಿನ ತಿಂಗಳು ಕಾಲೇಜಿನಲ್ಲಿ ಕಾರ್ಯಕ್ರಮ ಇದೆ, ಅದಕ್ಕೆ ನಾನೇ ಏನಾದರೂ ಮಾಡಿಕೊಂಡು ಹಾಕಬೇಕು ಅಂತ ಆಸೆ. ಒಂದಿಬ್ಬರು ನಮಗೂ ಮಾಡಿಕೊಡು, ದುಡ್ಡು ಕೊಡ್ತೀವಿ ಅಂದಿದ್ದಾರೆ. ನನ್ನ ಕೈಗೇ ಇದು ಬರುವುದಿಲ್ಲವೋ, ಇಲ್ಲ ಇದೆಲ್ಲ ವಿಡಿಯೊದಲ್ಲಿ ನೋಡಲಷ್ಟೇ ಚೆನ್ನಾಗಿರುತ್ತದೋ?

ಉತ್ತರ: ನಿಮ್ಮ ಕೈ ಸರಿಯಾಗಿಯೇ ಇದೆ. ನೀವು ಹೇಳಿದ ತೊಂದರೆಗಳನ್ನು ಒಂದೊಂದಾಗಿ ನೋಡಿದೆ. ಜೀನ್ಸ್ ಒಂದನ್ನು ಬಿಟ್ಟರೆ ಉಳಿದ ಯಾವುದೂ ಕೈಯ ತಪ್ಪಲ್ಲ. ಬಣ್ಣ ಹಿಡಿಯದ ನೂಲಿಗೆ ಬಣ್ಣ ಹಾಕಿದ್ದೀರಿ, ಬಿಸಿಗೆ ಕರಗುವ ಅಂಟಿನ ಮೇಲೆ ಇಸ್ತ್ರಿ ಇಟ್ಟಿದ್ದೀರಿ, ಮೈಗೆ ಆಗದ ಲೋಹವನ್ನು ಕಿವಿಗೆ ಹಾಕಿಕೊಂಡಿದ್ದೀರಿ. ಎಷ್ಟೇ ನುರಿತವರು ಮಾಡಿದ್ದರೂ ಇದೇ ಆಗುತ್ತಿತ್ತು. ಹೊಲಿಗೆ ಮತ್ತು ಬಣ್ಣ ಹಾಕುವುದನ್ನು ಕಲಿಸುವ ನನ್ನ ಹತ್ತಿರ ಬರುವ ವಿದ್ಯಾರ್ಥಿಗಳಲ್ಲೂ ಬಹಳ ಜನ ಇಲ್ಲೇ ಎಡವುತ್ತಾರೆ. ಏನು ಮಾಡಬೇಕು ಅಂತ ಗೊತ್ತಿರುತ್ತದೆ, ಯಾವುದರ ಮೇಲೆ ಮಾಡುತ್ತಿದ್ದೇವೆ ಅಂತ ಗೊತ್ತಿರುವುದಿಲ್ಲ.

ಮೊದಲು ದುಡ್ಡಿನ ಮಾತು ಮುಗಿಸೋಣ. ಮನೆಯಲ್ಲೇ ಮಾಡಿಕೊಂಡರೆ ಯಾವಾಗಲೂ ಅಗ್ಗ ಅನ್ನುವುದು ನಿಜವಲ್ಲ. ಬಣ್ಣ, ಹರಳು, ಗ್ಲೂ ಗನ್, ಓಲೆಯ ಕಿಟ್ ಎಲ್ಲ ಬೇರೆ ಬೇರೆಯಾಗಿ ಕೊಂಡಾಗ ಒಂದೊಂದೂ ಚಿಲ್ಲರೆ ಅನ್ನಿಸುತ್ತದೆ. ಒಟ್ಟು ಸೇರಿಸಿದರೆ ಅಂಗಡಿಯ ಬಟ್ಟೆಯನ್ನೂ ಮೀರುತ್ತದೆ. ಉಳಿತಾಯ ಆಗುವುದು ಬಟ್ಟೆ ಆಗಲೇ ನಿಮ್ಮ ಹತ್ತಿರ ಇದ್ದಾಗ, ಸಾಮಾನು ಸೂಜಿ ದಾರದಷ್ಟಕ್ಕೆ ಮುಗಿದಾಗ, ಮತ್ತು ಮಾಡಿದ್ದನ್ನು ನೀವು ನಿಜವಾಗಿ ಹಾಕಿಕೊಂಡು ಓಡಾಡಿದಾಗ. ಮೂರನೆಯದನ್ನೇ ಜನ ಮರೆಯುವುದು. ಎರಡು ಸಲ ಹಾಕಿ ಮೂಲೆಗೆ ಸೇರುವ ಬಟ್ಟೆ ಪುಕ್ಕಟೆ ಸಿಕ್ಕಿದರೂ ದುಬಾರಿಯೇ. ಇನ್ನು ವಿಡಿಯೊಗಳ ವಿಷಯ. ಅವು ಸುಳ್ಳು ಹೇಳುತ್ತವೆ ಅಂತ ನಾನು ಹೇಳುವುದಿಲ್ಲ. ಆದರೆ ಹೆಚ್ಚಿನವು ಬಟ್ಟೆ ತಯಾರಾದ ಕ್ಷಣಕ್ಕೆ ಮುಗಿದುಬಿಡುತ್ತವೆ. ಮೂರು ಸಲ ಒಗೆದ ಮೇಲೆ ಹೇಗಿದೆ ಅಂತ ತೋರಿಸುವವರು ಅಪರೂಪ.

ಹಾಗಾದರೆ ಬಟ್ಟೆ ಯಾವುದು ಅಂತ ತಿಳಿಯುವುದು ಹೇಗೆ? ಕುತ್ತಿಗೆಯ ಹಿಂದೆ ಅಥವಾ ಪಕ್ಕದ ಹೊಲಿಗೆಯ ಒಳಗೆ ಇರುವ ಲೇಬಲ್ ಓದಿ. ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು ಅಂತ ಅಲ್ಲಿ ಇರುತ್ತದೆ. ಲೇಬಲ್ ಕಿತ್ತು ಹೋಗಿದ್ದರೆ ನೂಲು ಸುಟ್ಟು ನೋಡುವ ಹಳೆಯ ಉಪಾಯ ಇದೆ. ಇದನ್ನು ರೂಮಿನಲ್ಲಿ, ಹಾಸಿಗೆಯ ಪಕ್ಕ ಖಂಡಿತ ಮಾಡಬೇಡಿ. ಬಯಲಲ್ಲಿ ಅಥವಾ ಸಿಂಕಿನ ಮೇಲೆ, ಪಕ್ಕದಲ್ಲಿ ನೀರಿಟ್ಟುಕೊಂಡು ಮಾಡಿ. ಒಳಗಿನ ಅಂಚಿನಿಂದ ಬಟ್ಟೆಯ ನಾಲ್ಕೈದು ಎಳೆ ಎಳೆದು ಹೊಸೆದು, ಚಿಮಟದಲ್ಲಿ ಹಿಡಿದು ಬೆಂಕಿಯ ಹತ್ತಿರ ತನ್ನಿ. ಹತ್ತಿಯಾದರೆ ಥಟ್ಟನೆ ಹೊತ್ತಿಕೊಂಡು, ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಮೆತ್ತನೆಯ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಬೆಂಕಿಯಿಂದ ಹಿಂದೆ ಸರಿದು ಮುದುಡಿ, ಕರಗಿ, ಕಪ್ಪು ಹೊಗೆ ಬಿಟ್ಟು, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಕರಗಿದಾಗ ಅದು ತೊಟ್ಟಿಕ್ಕುತ್ತದೆ, ಚರ್ಮಕ್ಕೆ ಅಂಟಿದರೆ ಸುಡುತ್ತದೆ, ಜೋಪಾನ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ ಬಿಡುತ್ತವೆ. ಬೂದಿಯಲ್ಲಿ ಗಟ್ಟಿ ಹರಳು ಹರಳಾಗಿ ಸಿಕ್ಕಿದರೆ ಅದು ಬೆರಕೆ ಬಟ್ಟೆ.

ಇನ್ನೊಂದು ನೋಡಬೇಕಾದ್ದು ಬಟ್ಟೆ ನೇಯ್ದದ್ದೋ ಹೆಣೆದದ್ದೋ ಅನ್ನುವುದು. ಶರ್ಟು, ಜೀನ್ಸ್ ಹಾಸು-ಹೊಕ್ಕು ಹಾಕಿ ನೇಯ್ದವು. ಕತ್ತರಿಸಿದ ಅಂಚಿನಿಂದ ನೂಲು ಬಿಚ್ಚುತ್ತಾ ಹೋಗುತ್ತದೆ. ಟಿ-ಶರ್ಟು, ಬನಿಯನ್ ಕುಣಿಕೆಗಳಲ್ಲಿ ಹೆಣೆದವು. ಅಂಚು ಸುರುಳಿ ಸುತ್ತುತ್ತದೆ, ಆದರೆ ನೂಲು ಬಿಚ್ಚುವುದಿಲ್ಲ. ಹೊಲಿಗೆ ಬಾರದವರು ಕತ್ತರಿ ಹಿಡಿಯಲು ಟಿ-ಶರ್ಟೇ ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ಕುತ್ತಿಗೆ ಅಗಲ ಮಾಡಿ, ತೋಳು ತೆಗೆಯಿರಿ, ಕೆಳಗೆ ಗಿಡ್ಡ ಮಾಡಿ, ಅಂಚನ್ನು ಹಾಗೇ ಬಿಟ್ಟರೂ ನಡೆಯುತ್ತದೆ. ಬೇಕಾದ್ದಕ್ಕಿಂತ ಎರಡು ಬೆರಳು ಉದ್ದ ಬಿಟ್ಟೇ ಕತ್ತರಿಸಿ, ಯಾಕೆಂದರೆ ಸುರುಳಿ ಅಷ್ಟನ್ನು ತಿಂದುಬಿಡುತ್ತದೆ. ಉಳಿದ ಬಟ್ಟೆಯನ್ನು ಅಡ್ಡಡ್ಡ ಪಟ್ಟಿ ಮಾಡಿ ಎಳೆದರೆ ಪಟ್ಟಿ ತಾನೇ ಸುತ್ತಿಕೊಂಡು ದಪ್ಪ ದಾರವಾಗುತ್ತದೆ. ಜಡೆ ಹೆಣೆದರೆ ತಲೆಪಟ್ಟಿ, ಬಳೆ, ಕೀ ಗೊಂಚಲಿನ ದಾರ, ಚೀಲದ ಹಿಡಿ ಎಲ್ಲ ಆಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಈಗ ನಿಮ್ಮ ನೀಲಿ ಶರ್ಟಿಗೆ ಬರೋಣ, ಹೇಳಬೇಕಾದ್ದು ಇಲ್ಲೇ ಜಾಸ್ತಿ ಇದೆ. ಅಂಗಡಿಯ ಶರ್ಟುಗಳನ್ನು, ಬಟ್ಟೆ ಶುದ್ಧ ಹತ್ತಿಯಾಗಿದ್ದರೂ, ಸಾಮಾನ್ಯವಾಗಿ ಪಾಲಿಯೆಸ್ಟರ್ ದಾರದಲ್ಲೇ ಹೊಲಿದಿರುತ್ತಾರೆ. ಹತ್ತಿಯ ಬಣ್ಣ ಪಾಲಿಯೆಸ್ಟರಿಗೆ ಹಿಡಿಯುವುದೇ ಇಲ್ಲ. ಅದಕ್ಕೇ ದಾರ ಬಿಳಿಯಾಗಿ ಉಳಿದದ್ದು. ಬಟ್ಟೆ ತಿಳಿನೀಲಿಯಲ್ಲೇ ನಿಂತಿದೆ ಅಂದರೆ ಅದೂ ಹತ್ತಿ-ಪಾಲಿಯೆಸ್ಟರ್ ಬೆರಕೆ ಇರುವ ಸಾಧ್ಯತೆ ಹೆಚ್ಚು. ಹತ್ತಿಯ ಎಳೆಗಳು ಬಣ್ಣ ಕುಡಿದವು, ಉಳಿದವು ಬಿಳಿಯಾಗೇ ಕೂತವು, ದೂರದಿಂದ ನೋಡಿದಾಗ ಎರಡೂ ಸೇರಿ ತಿಳಿನೀಲಿ ಕಾಣುತ್ತದೆ. ಇನ್ನೊಂದು ಪೊಟ್ಟಣ ಬಣ್ಣ ಸುರಿದರೆ ಕಡುನೀಲಿ ಆಗುವುದಿಲ್ಲ. ಪಾಲಿಯೆಸ್ಟರಿಗೆ ಡಿಸ್ಪರ್ಸ್ ಅನ್ನುವ ಬೇರೆ ಜಾತಿಯ ಬಣ್ಣ ಬೇಕು, ಅದೂ ಕುದಿಯುವ ನೀರಿನಲ್ಲಿ ಬಹಳ ಹೊತ್ತು. ಕಾರ್ಖಾನೆಗಳಲ್ಲಿ ಒತ್ತಡ ಕೊಟ್ಟು ಸುಮಾರು 130 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮಾಡುತ್ತಾರೆ. ಹಾಸ್ಟೆಲ್ಲಿನಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ.

ವಿನೆಗರ್ ವಿಷಯ ಕೇಳಿದಾಗೆಲ್ಲ ನನಗೆ ಸ್ವಲ್ಪ ಬೇಜಾರಾಗುತ್ತದೆ, ಯಾಕೆಂದರೆ ಈ ಸಲಹೆ ಸಾಯುವುದೇ ಇಲ್ಲ. ವಿನೆಗರ್ ಹುಳಿ. ಉಣ್ಣೆ, ರೇಷ್ಮೆ, ನೈಲಾನ್‌ಗೆ ಆ್ಯಸಿಡ್ ಬಣ್ಣ ಹಾಕುವಾಗ ಹುಳಿ ಬೇಕು. ಬಹುಶಃ ಅಲ್ಲಿಂದಲೇ ಈ ಮಾತು ಹತ್ತಿಗೂ ಹರಡಿರಬೇಕು. ಹತ್ತಿಗೆ ಬೇಕಾದದ್ದು ಅದರ ವಿರುದ್ಧದ್ದು, ಕ್ಷಾರ. ಹತ್ತಿಯ ನೂಲಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣಗಳು 1956ರಲ್ಲಿ ಮಾರುಕಟ್ಟೆಗೆ ಬಂದವು. ಈ ಬೆಸುಗೆ ಆಗಲು ಸೋಡಾ ಆ್ಯಶ್ ಬೇಕು, ಅಂದರೆ ಬಟ್ಟೆ ಒಗೆಯುವ ಸೋಡಾ. ಅಡುಗೆ ಸೋಡಾ ಅಷ್ಟು ಬಲವಾದ ಕ್ಷಾರವಲ್ಲ, ಅದು ಸಾಲದು. ಉಪ್ಪು ಬಣ್ಣದ ನೀರಿನಲ್ಲಿರುವಾಗ ಬಣ್ಣವನ್ನು ನೂಲಿನ ಕಡೆಗೆ ತಳ್ಳಲು ಸಹಾಯ ಮಾಡುತ್ತದೆ, ಸರಿ. ಆದರೆ ಬಣ್ಣ ಹಾಕಿ ಮುಗಿದ ಮೇಲೆ ಉಪ್ಪುನೀರಿನಲ್ಲಿ ನೆನೆಸಿದರೆ ಬಿಡುವ ಬಣ್ಣ ನಿಲ್ಲುವುದಿಲ್ಲ.

ನೀವು ತಂದದ್ದು ‘ಎಲ್ಲ ಬಟ್ಟೆಗೂ ಆಗುತ್ತದೆ’ ಅನ್ನುವ ಪೊಟ್ಟಣ ಇರಬೇಕು ಅಂತ ನನ್ನ ಊಹೆ. ಅಂಥ ಪೊಟ್ಟಣಗಳಲ್ಲಿ ಹತ್ತಿಗೆ ಒಂದು, ಉಣ್ಣೆ-ನೈಲಾನಿಗೆ ಒಂದು ಅಂತ ಎರಡು ಜಾತಿಯ ಬಣ್ಣ ಬೆರೆಸಿರುತ್ತಾರೆ. ಹತ್ತಿಯ ಪಾಲಿನದು ಡೈರೆಕ್ಟ್ ಬಣ್ಣ. ಅದು ನೂಲಿಗೆ ಸುಮ್ನೆ ಅಂಟಿಕೊಂಡಿರುತ್ತದೆ, ಬೆಸೆದುಕೊಳ್ಳುವುದಿಲ್ಲ. ಪ್ರತಿ ಒಗೆತಕ್ಕೂ ಒಂದಿಷ್ಟು ಹೋಗುತ್ತದೆ. ಇದನ್ನು ಪೂರ್ತಿ ನಿಲ್ಲಿಸಲಾಗುವುದಿಲ್ಲ. ತಣ್ಣೀರಿನಲ್ಲಿ, ಬೇರೆಯಾಗಿ, ಬೇಗ ಒಗೆದು, ಒದ್ದೆ ಮುದ್ದೆಯಾಗಿ ಇಡದೆ ತಕ್ಷಣ ಹರವಿ. ರಿಯಾಕ್ಟಿವ್ ಬಣ್ಣ ಹಾಕಿದ್ದೂ ಶುರುವಿಗೆ ಬಿಡುತ್ತದೆ, ಆದರೆ ಅದು ಬೆಸೆಯದೆ ಉಳಿದ ಹೆಚ್ಚುವರಿ ಬಣ್ಣ. ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಬಿಸಿನೀರು ಮತ್ತು ಸೋಪಿನಲ್ಲಿ ನೀರು ತಿಳಿಯಾಗುವವರೆಗೆ ಒಗೆದರೆ ನಿಲ್ಲುತ್ತದೆ.

ಈ ಶರ್ಟನ್ನು ಏನು ಮಾಡುವುದು? ನಾನಾದರೆ ಹಾಗೇ ಹಾಕಿಕೊಳ್ಳುತ್ತೇನೆ. ತಿಳಿನೀಲಿ ಬಟ್ಟೆ, ಅದರ ಮೇಲೆ ಎದ್ದು ಕಾಣುವ ಬಿಳಿ ಹೊಲಿಗೆ, ಇದನ್ನು ಬೇಕೆಂದೇ ಮಾಡಿದ ಶರ್ಟುಗಳನ್ನು ಅಂಗಡಿಯಲ್ಲಿ ಇಟ್ಟಿರುತ್ತಾರೆ. ಗುಂಡಿಗಳನ್ನು ತೆಗೆದು ಬಿಳಿ ದಾರದಲ್ಲೇ ಬೇರೆ ಗುಂಡಿ ಹಾಕಿ, ಆಗ ಆ ಹೊಲಿಗೆ ಬೇಕೆಂದೇ ಬಿಟ್ಟಂತೆ ಕಾಣುತ್ತದೆ. ಅಲ್ಲಲ್ಲಿ ಕಲೆ ಕಲೆ ಆಗಿದ್ದರೆ ಕಲೆಯ ಮೇಲೆ ಸ್ಟೆನ್ಸಿಲ್ ಚಿತ್ರ ಬರಲಿ, ಅಂದರೆ ಆಕಾರ ಕತ್ತರಿಸಿದ ಹಾಳೆ ಇಟ್ಟು ಬಣ್ಣ ಒತ್ತಿ ಮಾಡುವ ಚಿತ್ರ.

ಮತ್ತೆ ಬಣ್ಣ ಹಾಕುವ ಆಸೆ ಇದ್ದರೆ ಶುದ್ಧ ಹತ್ತಿಯ ಬಿಳಿ ಬಟ್ಟೆ ಮತ್ತು ರಿಯಾಕ್ಟಿವ್ ಪುಡಿ ತೆಗೆದುಕೊಳ್ಳಿ. ಬಟ್ಟೆಯನ್ನು ಮೊದಲು ಸೋಪು ಹಾಕಿ ಚೆನ್ನಾಗಿ ಒಗೆಯಿರಿ. ಹೊಸ ಬಟ್ಟೆಯ ಗಂಜಿ, ಹಳೆ ಬಟ್ಟೆಯ ಎಣ್ಣೆ ಜಿಡ್ಡು ಉಳಿದರೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ಬಟ್ಟೆ ಅದ್ದಿ ಹಾಕುವುದಾದರೂ ಸರಿ, ಗಂಟು ಕಟ್ಟಿ ಹಾಕುವುದಾದರೂ ಸರಿ, ಸೋಡಾ ಮತ್ತು ಬಣ್ಣದ ಅಳತೆಯನ್ನು ಪೊಟ್ಟಣದ ಮೇಲಿರುವಂತೆಯೇ ಇಟ್ಟುಕೊಳ್ಳಿ. ಗಂಟು ಕಟ್ಟಿ ಬಣ್ಣ ಸುರಿದ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿ ಇಡೀ ರಾತ್ರಿ ಬಿಡಿ. ನಡುವೆ ಒಣಗಿದರೆ ಬೆಸುಗೆ ಅಲ್ಲಿಗೇ ನಿಲ್ಲುತ್ತದೆ. ಪ್ಲಾಸ್ಟಿಕ್ ಅಥವಾ ಸ್ಟೀಲ್ ಪಾತ್ರೆ ಆಗಬಹುದು, ಅಲ್ಯುಮಿನಿಯಂ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಬಳಸಿದ ಪಾತ್ರೆ ಮತ್ತೆ ಅಡುಗೆಗೆ ಹೋಗಬಾರದು. ಪುಡಿ ಕಲಸುವಾಗ ಮಾಸ್ಕ್ ಹಾಕಿ, ಕೈಗವಸು ಹಾಕಿ. ಈ ಪುಡಿಯನ್ನು ಉಸಿರಾಡಿದರೆ ಕೆಲವರಿಗೆ ಅಲರ್ಜಿ ಶುರುವಾಗುತ್ತದೆ, ಒಮ್ಮೆ ಬಂದರೆ ಹೋಗುವುದು ಕಷ್ಟ.

ಬ್ಲೀಚ್ ಹಾಕಿ ಬಣ್ಣ ತೆಗೆಯುವ ವಿಡಿಯೊಗಳನ್ನೂ ನೋಡಿರುತ್ತೀರಿ ಅಲ್ವಾ? ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬ್ಲೀಚ್ ಮತ್ತು ವಿನೆಗರ್ ಒಟ್ಟಿಗೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಬ್ಲೀಚ್ ಆದ ಮೇಲೆ ವಿನೆಗರ್‌ನಲ್ಲಿ ಅದ್ದಿ ಅಂತ ಹೇಳುವ ವಿಡಿಯೊ ಕಂಡರೆ ಅಲ್ಲಿಗೇ ಮುಚ್ಚಿ. ರೇಷ್ಮೆ, ಉಣ್ಣೆಯನ್ನು ಬ್ಲೀಚ್ ಕರಗಿಸಿಬಿಡುತ್ತದೆ. ಹಿಗ್ಗುವ ಜೀನ್ಸಿನಲ್ಲಿರುವ ಇಲಾಸ್ಟೇನ್ ಎಳೆಯನ್ನು ಹಾಳು ಮಾಡುತ್ತದೆ, ಆಮೇಲೆ ಮಂಡಿಯ ಹತ್ತಿರ ಜೋತು ಬೀಳುತ್ತದೆ.

ಜೀನ್ಸಿನ ವಿಷಯದಲ್ಲಿ ನಿಮ್ಮ ಅಳತೆ ತಪ್ಪಿದೆ. ಆದರೆ ತಪ್ಪಲು ಕಾರಣ ಇದೆ. ಜೀನ್ಸ್ ಬಟ್ಟೆಯ ನೇಯ್ಗೆ ಓರೆ ಗೆರೆಯದು, ಒಗೆದಂತೆಲ್ಲ ಕಾಲು ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ನಿಮ್ಮ ಹಳೆ ಜೀನ್ಸಿನಲ್ಲಿ ಪಕ್ಕದ ಹೊಲಿಗೆ ಪಾದದ ಹತ್ತಿರ ಮುಂದಕ್ಕೆ ಬಂದಿದೆಯೇ ನೋಡಿ. ನೆಲದ ಮೇಲೆ ಹಾಸಿ, ಎರಡೂ ಕಾಲು ಒಂದರ ಮೇಲೊಂದು ಇಟ್ಟು ಒಂದೇ ಸಲಕ್ಕೆ ಕತ್ತರಿಸಿದರೆ ಗೆರೆ ಓರೆ ಹೋಗುವುದು ಇದರಿಂದ. ಸರಿಯಾದ ಕ್ರಮ ಹೀಗೆ. ಜೀನ್ಸ್ ಹಾಕಿಕೊಂಡು, ಅದರ ಜೊತೆ ಮೆಟ್ಟುವ ಚಪ್ಪಲಿ ಮೆಟ್ಟಿ ನಿಂತುಕೊಳ್ಳಿ. ಇನ್ನೊಬ್ಬರ ಕೈಯಲ್ಲಿ ನೆಲದಿಂದ ಮೇಲಕ್ಕೆ ಒಂದೇ ಎತ್ತರಕ್ಕೆ ಸುತ್ತಲೂ ಸೋಪಿನ ಚೂರಿನಿಂದ ಗುರುತು ಹಾಕಿಸಿ. ಒಂದೊಂದು ಕಾಲಿಗೂ ಬೇರೆ ಬೇರೆ ಗುರುತು ಬೇಕು, ನಮ್ಮ ಸೊಂಟ ಎರಡೂ ಕಡೆ ಒಂದೇ ಎತ್ತರ ಇರುತ್ತದೆ ಅಂತ ಏನಿಲ್ಲ. ಗುರುತಿಗಿಂತ ಮೂರು ಸೆಂಟಿಮೀಟರ್ ಕೆಳಗೆ ಕತ್ತರಿಸಿ. ಮಡಚಿ ಹೊಲಿಯುವುದಾದರೆ ಅಷ್ಟು ಬೇಕು. ನೂಲು ಬಿಟ್ಟ ಅಂಚೇ ಚೆಂದ ಅನ್ನಿಸಿದರೆ ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಮೇಲೆ ಸುತ್ತಲೂ ಒಂದು ಸಾಲು ಬ್ಯಾಕ್ ಸ್ಟಿಚ್ ಹಾಕಿ, ಅಂದರೆ ಪ್ರತಿ ಸಲ ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ ಮುಂದೆ ತೆಗೆಯುವ ಹೊಲಿಗೆ. ಅಲ್ಲಿಯವರೆಗೆ ನೂಲು ಬಿಚ್ಚಿ ಬಿಳಿ ಕುಚ್ಚು ಬರುತ್ತದೆ, ಅದರ ಮೇಲಕ್ಕೆ ಹೋಗುವುದಿಲ್ಲ.

ಆಗಿ ಹೋದ ಜೀನ್ಸಿಗೆ ಗಿಡ್ಡವಾದ ಕಾಲೇ ಅಳತೆ, ಇನ್ನೊಂದನ್ನು ಅದಕ್ಕೆ ಸಮ ಮಾಡಿ. ಕತ್ತರಿಸಿದ ತುಂಡುಗಳನ್ನು ಎಸೆಯಬೇಡಿ. ತೊಡೆಯ ಒಳಭಾಗ ಸವೆದ ಇನ್ನೊಂದು ಜೀನ್ಸ್ ನಿಮ್ಮ ಹತ್ತಿರ ಇದ್ದೇ ಇರುತ್ತದೆ, ಅದಕ್ಕೆ ತೇಪೆ ಇದು. ತೇಪೆ ಹಾಕುವಾಗ ಎಲ್ಲರೂ ತೂತಿನಷ್ಟೇ ಬಟ್ಟೆ ಕತ್ತರಿಸುತ್ತಾರೆ. ಒಗೆದ ಮೇಲೆ ತೇಪೆಯ ಪಕ್ಕದಲ್ಲೇ ಹೊಸ ತೂತು ಬೀಳುತ್ತದೆ. ತೂತಿನ ಸುತ್ತ ಸವೆದು ತೆಳ್ಳಗಾದ ಜಾಗ ಇರುತ್ತದಲ್ಲ, ಅದನ್ನು ಬೆಳಕಿಗೆ ಹಿಡಿದು ನೋಡಿ. ತೇಪೆ ಆ ತೆಳುವಾದ ಜಾಗವನ್ನೂ ದಾಟಿ, ಗಟ್ಟಿ ಬಟ್ಟೆಯ ಮೇಲೆ ಎಲ್ಲ ಕಡೆ ಎರಡು ಸೆಂಟಿಮೀಟರ್ ಕೂರಬೇಕು. ಒಳಗಿನಿಂದ ಇಟ್ಟು, ಆಮೇಲೆ ಬಿಚ್ಚುವ ಉದ್ದುದ್ದ ಕಚ್ಚಾ ಹೊಲಿಗೆಯಲ್ಲಿ ನಿಲ್ಲಿಸಿ, ಮೇಲಿನಿಂದ ಸಾಲು ಸಾಲಾಗಿ ರನ್ನಿಂಗ್ ಸ್ಟಿಚ್ (ಸೂಜಿಯನ್ನು ಮೇಲೆ ಕೆಳಗೆ ಹಾಯಿಸುತ್ತಾ ಮುಂದೆ ಹೋಗುವ ನೇರ ಹೊಲಿಗೆ) ಹಾಕುತ್ತಾ ಹೋಗಿ, ಸಾಲಿನ ನಡುವೆ ಅರ್ಧ ಸೆಂಟಿಮೀಟರ್ ಸಾಕು. ಸಾಲು ಮುಗಿದು ತಿರುಗುವ ಕಡೆ ದಾರ ಬಿಗಿಯಬೇಡಿ, ಪುಟ್ಟ ಕುಣಿಕೆಯಷ್ಟು ಸಡಿಲ ಬಿಡಿ. ಬಟ್ಟೆ ಒಗೆದು ಕುಗ್ಗಿದಾಗ ಆ ಸಡಿಲವೇ ನೆರಿಗೆ ಬೀಳದಂತೆ ಕಾಯುತ್ತದೆ. ಜಪಾನಿನ ಸಾಶಿಕೊ ಅನ್ನುವ ಹೊಲಿಗೆಯೂ ಇಂಥ ಸಾಲುಗಳದ್ದೇ. ಹಳೆ ಬಟ್ಟೆ ಗಟ್ಟಿ ಮಾಡಲು ಹುಟ್ಟಿದ್ದು, ಈಗ ಜನ ಅಂದಕ್ಕೆ ಹಾಕುತ್ತಾರೆ. ಬಿಳಿ ದಪ್ಪ ದಾರ ಬಳಸಿದರೆ ನಿಮ್ಮ ತೇಪೆಯೂ ಹಾಗೇ ಕಾಣುತ್ತದೆ.

ಪೂರ್ತಿ ಹಳೆಯದಾದ ಜೀನ್ಸಿನಿಂದ ಚೀಲ ಮಾಡುವುದಾದರೆ ಹಿಂದಿನ ಜೇಬನ್ನು ಬಟ್ಟೆಸಮೇತ ಉಳಿಸಿಕೊಳ್ಳಿ. ಮುಂದಿನ ಜೇಬಿನ ಮೂಲೆಯಲ್ಲಿ ಕಾಣುವ ಲೋಹದ ರಿವೆಟ್ ಅಲಂಕಾರಕ್ಕೆ ಬಂದದ್ದಲ್ಲ. ಭಾರಕ್ಕೆ ಮೂಲೆ ಹರಿಯಬಾರದು ಅಂತ ಜೇಕಬ್ ಡೇವಿಸ್ ಅನ್ನುವ ಟೈಲರ್ ಮಾಡಿದ ಉಪಾಯ ಅದು. ಅವರು ಮತ್ತು ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಸೇರಿ 1873ರಲ್ಲಿ ಪೇಟೆಂಟ್ ಪಡೆದರು. ಚೀಲದ ಹಿಡಿಯ ಬುಡಕ್ಕೂ ಅಂಥದ್ದೇ ಬಲ ಬೇಕು. ಚೌಕ ಹೊಲಿದು, ಅದರ ಒಳಗೆ ಮೂಲೆಯಿಂದ ಮೂಲೆಗೆ ಎರಡು ಸಾಲು ಹಾಕಿ. ಹಿಡಿಗೆ ಬಟ್ಟೆಯನ್ನು ಕಾಲಿನ ಉದ್ದಕ್ಕೇ ಕತ್ತರಿಸಿ. ಓರೆಯಾಗಿ ಕತ್ತರಿಸಿದರೆ ಪುಸ್ತಕದ ಭಾರಕ್ಕೆ ಎಳೆದುಕೊಂಡು ಉದ್ದವಾಗುತ್ತದೆ.

ಹರಳುಗಳ ಕಥೆ ಚಿಕ್ಕದು. ಗ್ಲೂ ಗನ್ನಿನ ಕಡ್ಡಿ ಬಿಸಿಗೆ ಕರಗುವ ಪ್ಲಾಸ್ಟಿಕ್. ಬಿಸಿಗೆ ಕರಗಿ ಅಂಟಿದ್ದು ಬಿಸಿಗೇ ಬಿಡುತ್ತದೆ, ಇಸ್ತ್ರಿಯ ಬಿಸಿ ಅದಕ್ಕೆ ಧಾರಾಳ ಸಾಕು. ಕಾಗದದ ಹೂವು, ಡಬ್ಬ, ಫೋಟೊ ಚೌಕಟ್ಟಿಗೆ ಅದು ಒಳ್ಳೆಯ ಸಾಮಾನು, ಒಗೆಯುವ ಬಟ್ಟೆಗೆ ಅಲ್ಲ. ತೂತಿರುವ ಹರಳು ತಂದು ಹೊಲಿಯಿರಿ, ಅಥವಾ ಒಗೆಯಬಹುದು ಅಂತ ಬರೆದಿರುವ ಬಟ್ಟೆಯ ಅಂಟು ಬಳಸಿ. ಅದು ಪೂರ್ತಿ ಗಟ್ಟಿಯಾಗಲು ಟ್ಯೂಬಿನ ಮೇಲೆ ಹೇಳಿದಷ್ಟು ಸಮಯ ಕೊಡಿ. ಆತುರಕ್ಕೆ ಸೂಪರ್ ಗ್ಲೂ ಮಾತ್ರ ಹಾಕಬೇಡಿ. ಹತ್ತಿ ಬಟ್ಟೆಗೆ ಅಥವಾ ಉಣ್ಣೆಗೆ ಅದು ತಾಗಿದರೆ ಒಮ್ಮೆಲೇ ಗಟ್ಟಿಯಾಗುತ್ತಾ ಬಿಸಿ ಹುಟ್ಟಿಸುತ್ತದೆ, ಹೊಗೆ ಬರುವಷ್ಟು, ಚರ್ಮ ಸುಡುವಷ್ಟು. ತೊಟ್ಟ ಬಟ್ಟೆಯ ಮೇಲೆ ಗುಂಡಿ ಅಂಟಿಸಲು ಹೋಗಿ ಮೈ ಸುಟ್ಟುಕೊಂಡವರು ಇದ್ದಾರೆ.

ಚಿತ್ರ ಬೇಕಿದ್ದರೆ ಹರಳಿಗಿಂತ ಬಟ್ಟೆಯ ಬಣ್ಣ, ಅಂದರೆ ಫ್ಯಾಬ್ರಿಕ್ ಪೇಂಟ್ ಮೇಲು. ಚಿತ್ರಕಲೆಯ ಅಕ್ರಿಲಿಕ್ ಬಣ್ಣವನ್ನು ಹಾಗೇ ಹಚ್ಚಿದರೆ ಗಟ್ಟಿ ಹಪ್ಪಳವಾಗಿ ಬಿರುಕು ಬಿಡುತ್ತದೆ. ಅದಕ್ಕೆ ಬೆರೆಸುವ ಟೆಕ್ಸ್‌ಟೈಲ್ ಮೀಡಿಯಂ ಸಿಗುತ್ತದೆ, ಬೆರೆಸಿದರೆ ಮೆತ್ತಗಾಗುತ್ತದೆ. ಹಳೆ ಪ್ಲಾಸ್ಟಿಕ್ ಫೈಲಿನ ಮುಚ್ಚಳದಲ್ಲಿ ಆಕಾರ ಕತ್ತರಿಸಿದರೆ ಸ್ಟೆನ್ಸಿಲ್ ಆಯಿತು. ಟಿ-ಶರ್ಟಿನ ಒಳಗೆ ರಟ್ಟು ಇಡಿ, ಇಲ್ಲದಿದ್ದರೆ ಹಿಂಬದಿಗೂ ಚಿತ್ರ ಬರುತ್ತದೆ. ಸ್ಪಂಜಿಗೆ ಬಣ್ಣ ತಾಗಿಸಿ, ಅದನ್ನು ಮೊದಲು ಹಳೆ ಕಾಗದಕ್ಕೆ ಒತ್ತಿ ಅರ್ಧ ಒಣಗಿಸಿ, ಆಮೇಲೆ ಮೇಲಿನಿಂದ ಕೆಳಕ್ಕೆ ಒತ್ತುತ್ತಾ ಹೋಗಿ. ಬ್ರಷ್ಷಿನಲ್ಲಿ ಎಳೆದರೆ ಬಣ್ಣ ಸ್ಟೆನ್ಸಿಲ್ ಅಡಿಗೆ ನುಗ್ಗುತ್ತದೆ. ಒಂದು ದಿನ ಒಣಗಲು ಬಿಟ್ಟು, ಬಟ್ಟೆ ತಿರುಗಿಸಿ ಒಳಬದಿಯಿಂದ ಮೂರರಿಂದ ಐದು ನಿಮಿಷ ಬಿಸಿ ಇಸ್ತ್ರಿ ಆಡಿಸಿ. ಈ ಇಸ್ತ್ರಿ ಬಿಟ್ಟರೆ ಮೊದಲ ಒಗೆತಕ್ಕೇ ಚಿತ್ರ ಮಂಕಾಗುತ್ತದೆ. ಪಾಲಿಯೆಸ್ಟರ್ ಇರುವ ಬಟ್ಟೆಗೆ ಇಸ್ತ್ರಿಯ ಬಿಸಿ ಕಡಿಮೆ ಇರಲಿ.

ಮೆಷಿನ್ ತಗೊಳ್ಳಬೇಕಾ? ಗೆಳತಿಯರು ಹೇಳಿದ ಆ ಕೈಮೆಷಿನ್ ಬೇಡ. ಅದು ಒಂದೇ ದಾರದಲ್ಲಿ ಸರಪಳಿ ಹೊಲಿಗೆ ಹಾಕುತ್ತದೆ. ಕೊನೆಯ ಕುಣಿಕೆಯ ಗಂಟು ಸಡಿಲಾದರೆ ಒಂದು ಎಳೆತಕ್ಕೆ ಇಡೀ ಸಾಲು ಬಿಚ್ಚಿ ಬರುತ್ತದೆ. ದೊಡ್ಡ ಮೆಷಿನ್ನಿನ ಹೊಲಿಗೆ ಮೇಲೊಂದು ಕೆಳಗೊಂದು ಎರಡು ದಾರ ಹೆಣೆದುಕೊಂಡು ಆಗುತ್ತದೆ, ಅದರ ಮಾತೇ ಬೇರೆ. ಆದರೆ ಅದಕ್ಕೆ ಈಗ ದುಡ್ಡು ಸುರಿಯುವ ಅಗತ್ಯ ನಿಮಗಿಲ್ಲ. ಕೈಯಲ್ಲಿ ಹಾಕಿದ ಬ್ಯಾಕ್ ಸ್ಟಿಚ್ ಪಕ್ಕದ ಹೊಲಿಗೆಗೂ ಸಾಕಾಗುವಷ್ಟು ಗಟ್ಟಿ. ಸೂಜಿ, ಪಾಲಿಯೆಸ್ಟರ್ ದಾರ, ಗುಂಡುಸೂಜಿ, ಅಳತೆ ಟೇಪು, ಹೊಲಿಗೆ ಬಿಚ್ಚುವ ರಿಪ್ಪರ್, ಸೋಪಿನ ಚೂರು ಇದ್ದರೆ ಆಯಿತು. ಸ್ವಲ್ಪ ದುಡ್ಡು ಹಾಕುವುದಿದ್ದರೆ ಕತ್ತರಿಗೆ ಹಾಕಿ, ಅದರಲ್ಲಿ ಕಾಗದ ಕತ್ತರಿಸಲು ಯಾರಿಗೂ ಕೊಡಬೇಡಿ. ಟಿ-ಶರ್ಟ್ ಹೊಲಿಯಲು ತುದಿ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿ ಕೇಳಿ, ಚೂಪು ಸೂಜಿ ಕುಣಿಕೆಯನ್ನೇ ಹರಿದು ತೂತು ಮಾಡುತ್ತದೆ. ದಾರವನ್ನು ಬೆರಳ ತುದಿಯಿಂದ ಮೊಣಕೈಯಷ್ಟು ಮಾತ್ರ ತೆಗೆದುಕೊಳ್ಳಿ. ಉದ್ದ ತೆಗೆದುಕೊಂಡರೆ ಕೆಲಸ ಬೇಗ ಆಗುವುದಿಲ್ಲ, ಗಂಟು ಬಿಡಿಸುವುದೇ ಕೆಲಸವಾಗುತ್ತದೆ. ಜಿಪ್ ಬದಲಿಸುವುದು, ಭುಜ ಸಣ್ಣ ಮಾಡುವುದು ಟೈಲರ್ ಕೆಲಸ. ಆದರೆ ಹಳೆ ಹೊಲಿಗೆ ನೀವೇ ಬಿಚ್ಚಿ, ಎಲ್ಲಿ ಹೊಲಿಯಬೇಕೋ ಅಲ್ಲಿ ಕಚ್ಚಾ ಹೊಲಿಗೆ ಹಾಕಿಕೊಂಡು ಹೋದರೆ ಅವರಿಗೂ ಸಲೀಸು, ನಿಮಗೂ ಕಡಿಮೆಯಲ್ಲಿ ಮುಗಿಯುತ್ತದೆ.

ಕಾರ್ಯಕ್ರಮಕ್ಕೆ ನನ್ನ ಸಲಹೆ ಸ್ವಲ್ಪ ಸಪ್ಪೆ ಅನ್ನಿಸಬಹುದು. ಒಂದೇ ಬಟ್ಟೆ ಆರಿಸಿಕೊಳ್ಳಿ, ಮೊದಲು ಅದು ಮೈಗೆ ಸರಿಯಾಗಿ ಕೂರುವಂತೆ ಮಾಡಿ, ಅಲಂಕಾರ ಆಮೇಲೆ. ದೊಗಳೆ ಶರ್ಟಿಗೆ ಎಷ್ಟು ಹರಳು ಹಾಕಿದರೂ ಅದು ದೊಗಳೆ ಶರ್ಟೇ. ಒಳಮೈ ಹೊರಗೆ ಮಾಡಿ ತೊಟ್ಟುಕೊಂಡು, ಎರಡೂ ಪಕ್ಕ ಗುಂಡುಸೂಜಿ ಚುಚ್ಚಿಸಿ. ಬಿಚ್ಚಿ, ಎರಡೂ ಪಕ್ಕ ಒಂದೇ ಅಳತೆಗೆ ತಂದು, ಕಚ್ಚಾ ಹೊಲಿಗೆ ಹಾಕಿ ಮತ್ತೆ ತೊಡಿ. ಕೈ ಮೇಲೆತ್ತಿ, ಕೂತು, ಬಗ್ಗಿ ನೋಡಿ. ಎಲ್ಲೂ ಹಿಡಿಯದಿದ್ದರೆ ಆಮೇಲೆ ಬ್ಯಾಕ್ ಸ್ಟಿಚ್. ಹೆಚ್ಚಾದ ಬಟ್ಟೆಯನ್ನು ಕತ್ತರಿಸದೆ ಒಳಗೇ ಬಿಟ್ಟರೆ ಬೇಕಾದಾಗ ಬಿಚ್ಚಬಹುದು. ದೊಡ್ಡದನ್ನು ಚಿಕ್ಕದು ಮಾಡಬಹುದು, ಚಿಕ್ಕದನ್ನು ದೊಡ್ಡದು ಮಾಡುವುದು ಕಷ್ಟ, ಅಂಗಡಿಯ ಬಟ್ಟೆಯಲ್ಲಿ ಒಳಗೆ ಬಿಟ್ಟಿರುವುದೇ ಅಷ್ಟು ಕಡಿಮೆ. ಗುಂಡಿ ಬದಲಿಸಿ, ಜೇಬಿನ ಮೇಲೆ ಒಂದು ಸ್ಟೆನ್ಸಿಲ್ ಹಾಕಿ, ಅಷ್ಟಕ್ಕೆ ನಿಲ್ಲಿಸಿ. ಕಾರ್ಯಕ್ರಮಕ್ಕೆ ಒಂದು ವಾರ ಮೊದಲೇ ಮುಗಿಸಿ ಒಮ್ಮೆ ಒಗೆದು ನೋಡಿ, ಏನಾದರೂ ಕೈಕೊಟ್ಟರೆ ಸರಿ ಮಾಡಲು ದಿನ ಉಳಿದಿರುತ್ತದೆ.

ಕಿವಿ ಕೆರೆತವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಗ್ಗದ ಕೊಕ್ಕೆಗಳಲ್ಲಿ ನಿಕ್ಕಲ್ ಇರುತ್ತದೆ, ಚರ್ಮಕ್ಕೆ ಆಭರಣದಿಂದ ಬರುವ ಅಲರ್ಜಿಗೆ ಇದೇ ದೊಡ್ಡ ಕಾರಣ. ಮೈಗೆ ತಾಗುವ ಸಾಮಾನಿನಲ್ಲಿ ನಿಕ್ಕಲ್‌ಗೆ ಯುರೋಪ್ 1994ರಲ್ಲೇ ಮಿತಿ ಹಾಕಿತು. ಚಿನ್ನದ ನೀರು ಕೊಟ್ಟಿದ್ದಾರೆ ಅಂತ ನಂಬಿ ಕೂರುವಂತಿಲ್ಲ, ಆ ಪದರ ಸವೆದ ಮೇಲೆ ಒಳಗಿನ ಲೋಹವೇ ತಾಗುವುದು. ಕೊಕ್ಕೆಗೆ ಬಣ್ಣವಿಲ್ಲದ ಉಗುರುಬಣ್ಣ ಬಳಿಯುವ ಉಪಾಯ ಕೆಲವು ದಿನಕ್ಕೆ ಮಾತ್ರ, ಸವೆಯುತ್ತದೆ. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಹಾಗಾಗಿ ‘ಅಭ್ಯಾಸ ಆಗುತ್ತೆ’ ಅಂತ ಹಾಕಿಕೊಂಡೇ ಇರಬೇಡಿ. ಈಗ ತೆಗೆದಿಡಿ, ಕಿವಿ ಪೂರ್ತಿ ವಾಸಿಯಾಗಲಿ. ಕೀವು, ಊತ, ನೋವು ಇದ್ದರೆ ಡಾಕ್ಟರಿಗೆ ತೋರಿಸಿ. ಆಮೇಲೆ ಕೊಕ್ಕೆಯನ್ನಷ್ಟೇ ಟೈಟೇನಿಯಂ ಅಥವಾ ನಯೋಬಿಯಂನದು ತಂದು ಬದಲಿಸಿ. ಕೆಳಗೆ ತೂಗುವುದು ಕಾಗದದ್ದೋ ಬಟ್ಟೆಯದ್ದೋ ನಿಮ್ಮ ಇಷ್ಟ. ದ್ರವವನ್ನು ಅಚ್ಚಿಗೆ ಸುರಿದು ಗಟ್ಟಿ ಮಾಡುವ ಎಪಾಕ್ಸಿ ರೆಸಿನ್ ಓಲೆಗಳ ಕಡೆ ಮನಸ್ಸು ಹೋಗಿದ್ದರೆ ಹಾಸ್ಟೆಲ್ ರೂಮು ಅದಕ್ಕೆ ಜಾಗವಲ್ಲ. ಗಟ್ಟಿಯಾಗುವ ಮೊದಲು ಅದು ಚರ್ಮಕ್ಕೆ ತಾಗಿದರೆ ಅಲರ್ಜಿ ತರಿಸುತ್ತದೆ. ಕೈಗವಸು ಬೇಕು, ಗಾಳಿ ಚೆನ್ನಾಗಿ ಆಡುವ ಜಾಗ ಬೇಕು.

ಇನ್ನು ದುಡ್ಡು ಕೊಡುತ್ತೇವೆ ಅಂದವರಿಗೆ ಮೊದಲು ಚೀಲ, ತಲೆಪಟ್ಟಿ, ತೇಪೆ ಕೆಲಸ ಮಾಡಿಕೊಡಿ. ಬಣ್ಣ ಹಾಕಿದ ಬಟ್ಟೆಯನ್ನು ಈಗಲೇ ಮಾರಬೇಡಿ, ಅವರ ಬೇರೆ ಬಟ್ಟೆಗೆ ಹತ್ತಿದರೆ ಸ್ನೇಹವೂ ಹಾಳು. ಯಾವ ಲೋಹ ಅಂತ ಗೊತ್ತಿಲ್ಲದ ಕೊಕ್ಕೆ ಇನ್ನೊಬ್ಬರ ಕಿವಿಗೆ ಹೋಗಬಾರದು. ಕಾರ್ಟೂನ್ ಪಾತ್ರ, ಕಂಪನಿಯ ಲೋಗೊ ನಿಮ್ಮ ಟಿ-ಶರ್ಟಿನ ಮೇಲೆ ನೀವೇ ಬರೆದುಕೊಂಡರೆ ಯಾರೂ ಕೇಳಲಿಕ್ಕಿಲ್ಲ, ಬರೆದು ಮಾರಿದರೆ ಅದರ ಹಕ್ಕು ಇರುವವರು ಕೇಳುತ್ತಾರೆ. ಬೆಲೆ ಹೇಳುವಾಗ ಸಾಮಾನಿನ ಖರ್ಚು ಮಾತ್ರ ಲೆಕ್ಕ ಹಾಕಿ ನಿಮ್ಮ ಗಂಟೆಗಳನ್ನು ಬಿಟ್ಟುಬಿಡಬೇಡಿ. ಪರೀಕ್ಷೆ ಹತ್ತಿರ ಇರುವಾಗ ಯಾರ ಆರ್ಡರನ್ನೂ ಒಪ್ಪಿಕೊಳ್ಳಬೇಡಿ.